ಹಾಸನದಿಂದ ಬೈಕಲ್ಲಿ ಒಂದೇ ದಿನ: ಐದು ಜಲಪಾತ ನೋಡೋಕಾಗುತ್ತಾ?

ಹಳೆ ಸ್ಪ್ಲೆಂಡರ್ (ಹಾಸನ), ಗುರುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಭಾಮೈದ ಬೆಂಗಳೂರಿಂದ ಬಂದಿದ್ದಾನೆ. ಹೊಸ 350 ಸಿಸಿ ಬೈಕ್ ತೆಗೆದುಕೊಂಡು ಎರಡು ತಿಂಗಳಾಗಿದೆ, ಒಂದು ಕಡೆ ಕೂರುವ ಆಸಾಮಿಯಲ್ಲ. ಭಾನುವಾರ ಜಲಪಾತಕ್ಕೆ ಹೋಗಲೇಬೇಕು ಅಂತ ಹಟ ಹಿಡಿದಿದ್ದಾನೆ. ರೀಲ್ಸ್ ನೋಡಿ ನೋಡಿ ಒಂದು ಪಟ್ಟಿ ಮಾಡಿಟ್ಟಿದ್ದಾನೆ. ಮೊದಲು ಮುಳ್ಳಯ್ಯನಗಿರಿ. ಆಮೇಲೆ ಹೊನ್ನಮ್ಮನಹಳ್ಳ, ಝರಿ, ಮಾಣಿಕ್ಯಧಾರಾ, ಹೆಬ್ಬೆ, ಕೊನೆಗೆ ಕಲ್ಲತ್ತಿಗಿರಿ. ಒಂದು ಬೆಟ್ಟ, ಐದು ಜಲಪಾತ. ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು ಅಕ್ಕನ ಕೈಯ ಮುದ್ದೆ ಉಣ್ಣಬೇಕಂತೆ.

ನನ್ನದು 2009ರ ಸ್ಪ್ಲೆಂಡರ್. ಗಾಡಿಗೆ ಏನೂ ಆಗಿಲ್ಲ, ಓಡಿಸುವವನಿಗೆ ಸೊಂಟ ನೋವು. ಸೋಮವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯಬೇಕು, ಹಾಗಾಗಿ ಎಲ್ಲೂ ಉಳಿದುಕೊಳ್ಳುವ ಮಾತಿಲ್ಲ. ಇದು ಆಗುವ ಕೆಲಸವಾ? ಹೋಗಿ ಬಂದವರು ಹೇಳಿ.

ದೇಶಸುತ್ತು 350 (ಬೆಂಗಳೂರು)

ಆರಾಮಾಗಿ ಆಗುತ್ತದೆ ಗುರು. ಹೋದ ವರ್ಷ ಜುಲೈನಲ್ಲಿ ನಾವು ಆರು ಬೈಕಿನವರು ಐದೂ ಮಾಡಿದ್ದೆವು. ಬೆಳಗ್ಗೆ ನಾಲ್ಕಕ್ಕೆ ಬಿಡಿ, ಎಲ್ಲೂ ಜಾಸ್ತಿ ಹೊತ್ತು ನಿಲ್ಲಬೇಡಿ, ಅಷ್ಟೇ. ಭಾಮೈದನಿಗೆ ನನ್ನ ಸೆಲ್ಯೂಟ್ ತಿಳಿಸಿ.

ಕಾಫಿಹೂ (ಚಿಕ್ಕಮಗಳೂರು)

ಐದು "ಮಾಡಿದ್ದು" ಸರಿ, ನೋಡಿದ್ದು ಎಷ್ಟು?

ಸ್ಪ್ಲೆಂಡರ್ ಅಣ್ಣ, ನಾನು ಇದೇ ಊರಿನವಳು. ಸ್ಕೂಟರಿನಲ್ಲಿ ಅತ್ತಿಗುಂಡಿ ಕಡೆ ವಾರಕ್ಕೊಮ್ಮೆಯಾದರೂ ಹೋಗಿ ಬರುತ್ತೇನೆ. ನಿಮ್ಮ ಪಟ್ಟಿ ಮ್ಯಾಪಿನಲ್ಲಿ ಚೆನ್ನಾಗಿದೆ. ರಸ್ತೆಗೆ ಇಳಿದರೆ ಬೇರೆ ಕಥೆ.

ಮುಳ್ಳಯ್ಯನಗಿರಿಗೆ ಈಗ ಸುಮ್ನೆ ಹೋಗಿ ನಿಲ್ಲುವ ಹಾಗಿಲ್ಲ. ಗಿರಿಗೆ ಹೋಗುವ ಗಾಡಿಗಳು ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಬೇಕು. ಬೆಳಗಿನ ಸರದಿ ಬೇರೆ, ಮಧ್ಯಾಹ್ನದ ಸರದಿ ಬೇರೆ. ಶನಿವಾರ ಭಾನುವಾರದ್ದು ಬೇಗ ತುಂಬಿಹೋಗುತ್ತದೆ. ಬುಕ್ ಮಾಡಿಕೊಂಡು ಹೋದರೂ ಕೈಮರದ ಚೆಕ್‌ಪೋಸ್ಟಿನಲ್ಲಿ ಕಾರುಗಳ ಸಾಲು ಇದ್ದೇ ಇರುತ್ತದೆ. ಬೈಕು ಪಕ್ಕದಲ್ಲಿ ನುಗ್ಗಿಸಬಹುದು ಅನ್ನಬೇಡಿ, ಆ ರಸ್ತೆಯ ಪಕ್ಕದಲ್ಲಿ ಇರುವುದು ಪ್ರಪಾತ.

1,930 ಮೀಟರ್ ಎತ್ತರದ ಬೆಟ್ಟ, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ್ದಿಲ್ಲ, ಎಲ್ಲ ಸರಿ. ಜುಲೈನಲ್ಲಿ ತುದಿಗೆ ಹತ್ತಿದರೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ಗಾಳಿ ಎಷ್ಟಿರುತ್ತದೆ ಅಂದರೆ ಸ್ಟ್ಯಾಂಡ್ ಹಾಕಿದ ಬೈಕು ಅಲ್ಲಾಡುತ್ತದೆ.

ಹೊನ್ನಮ್ಮನಹಳ್ಳ ರಸ್ತೆ ಪಕ್ಕದಲ್ಲೇ ಇದೆ, ತೊಂದರೆ ಇಲ್ಲ. ಝರಿಗೆ ಬೈಕನ್ನು ಮೇಲೆ ನಿಲ್ಲಿಸಿ ಜೀಪಿನಲ್ಲಿ ತೋಟದೊಳಗೆ ಇಳಿಯಬೇಕು. ಜೀಪು ತುಂಬುವವರೆಗೆ ಕಾಯಬೇಕು, ಬರುವಾಗ ಇನ್ನೊಮ್ಮೆ ಕಾಯಬೇಕು. ಹೆಬ್ಬೆ ಇರುವುದು ಕೆಮ್ಮಣ್ಣುಗುಂಡಿ ಕಡೆ, ಭದ್ರಾ ಹುಲಿ ಮೀಸಲು ಕಾಡಿನೊಳಗೆ. ಅಲ್ಲೂ ಸ್ವಂತ ಗಾಡಿ ಬಿಡುವುದಿಲ್ಲ. ಅಲ್ಲೂ ಜೀಪು, ಆಮೇಲೆ ನಡಿಗೆ, ನಡಿಗೆಯಲ್ಲಿ ಇಂಬಳ (ಜಿಗಣೆ). 168 ಮೀಟರ್ ಎತ್ತರದಿಂದ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಅಂತ ಎರಡು ಹಂತದಲ್ಲಿ ಬೀಳುತ್ತದೆ. ನೋಡಲೇಬೇಕಾದ್ದು, ನಾನು ಬೇಡ ಅನ್ನುವುದಿಲ್ಲ. ಆದರೆ ಅದೊಂದಕ್ಕೇ ಅರ್ಧ ದಿನ ಎತ್ತಿಡಿ.

ತರೀಕೆರೆ ಹುಡುಗ

ಕಲ್ಲತ್ತಿಗಿರಿ ನಮ್ಮ ಕಡೆಯದು. 122 ಮೀಟರ್ ಮೇಲಿಂದ ಇಳಿದು ವೀರಭದ್ರಸ್ವಾಮಿ ದೇವಸ್ಥಾನದ ಹತ್ತಿರ ಬರುತ್ತದೆ. ಬನ್ನಿ, ಸಂತೋಷ. ಆದರೆ ಐದನೆಯದಾಗಿ ಬರಬೇಡಿ. ಕತ್ತಲಾದ ಮೇಲೆ ಬಂದರೆ ನೀರಿನ ಸದ್ದು ಕೇಳಿಸಿಕೊಂಡು, ಕಡೂರು ಅರಸೀಕೆರೆ ಮೇಲೆ ನೂರು ಕಿಲೋಮೀಟರಿಗೂ ಜಾಸ್ತಿ ಓಡಿಸಬೇಕು. ಒಟ್ಟು ಲೆಕ್ಕ ಹಾಕಿ, ಮುನ್ನೂರರ ಹತ್ತಿರ ಹೋಗುತ್ತದೆ. ಸೊಂಟ ನೋವು ಅಂದಿರಲ್ಲ?

ಸಕಲೇಶಪುರ ಸೋನೆ

ಹಾಸನದವರು ಪಕ್ಕದ ಜಿಲ್ಲೆಗೆ ಯಾಕೆ ಓಡುತ್ತೀರೋ ಗೊತ್ತಾಗುವುದಿಲ್ಲ. ನಲವತ್ತು ಕಿಲೋಮೀಟರಿಗೆ ಸಕಲೇಶಪುರ, ಅಲ್ಲಿಂದ ಮುಂದೆ ಬಿಸಿಲೆ. ಹೆತ್ತೂರು ಕಡೆ ಹೋದರೆ ಮೂಕನಮನೆ ಅಬ್ಬಿ ಇದೆ. ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಒಂದೇ ಮಾತು: ಸಂಜೆ ಐದರ ಮೇಲೆ ಒಳರಸ್ತೆಯಲ್ಲಿ ಬೈಕು ಬೇಡ. ತೋಟದಿಂದ ತೋಟಕ್ಕೆ ಆನೆ ದಾಟುವ ಹೊತ್ತು ಅದು. ಮಂಜಿನಲ್ಲಿ ಆನೆ ಬಂಡೆಯ ಹಾಗೆ ಕಾಣುತ್ತದೆ. ಬಂಡೆ ಅಂದುಕೊಂಡು ಹಾರ್ನ್ ಹಾಕಿದವರ ಕಥೆ ನಮ್ಮೂರಲ್ಲಿ ಬೇಕಾದಷ್ಟಿದೆ.

ಹಳೆ ಸ್ಪ್ಲೆಂಡರ್

ಭಾಮೈದನಿಗೆ ಎಲ್ಲ ಓದಿ ಹೇಳಿದೆ. ಮುಖ ಸಣ್ಣಗೆ ಮಾಡಿಕೊಂಡಿದ್ದಾನೆ. "ಸರಿ ಭಾವ, ಮೂರು?" ಅಂತ ಚೌಕಾಸಿಗೆ ಇಳಿದಿದ್ದಾನೆ. ಆನೆ ಅಂದ ತಕ್ಷಣ ಬಿಸಿಲೆಗೆ ನನ್ನ ಹೆಂಡತಿಯ ಒಪ್ಪಿಗೆ ಇಲ್ಲ. ಜೀಪು ಹತ್ತದೆ, ಟಿಕೆಟ್ ಸಾಲಿನಲ್ಲಿ ನಿಲ್ಲದೆ, ಬೈಕಿನಲ್ಲೇ ಕೂತು ನೀರು ನೋಡುವ ಜಾಗ ಯಾವುದಾದರೂ ಇದೆಯಾ?

ಬಣಕಲ್ ಪಿಕಪ್

ಇದೆ ಮಾರಾಯ್ರೆ. ಚಾರ್ಮಾಡಿ.

ನಾನು ಘಾಟಿಯಲ್ಲಿ ದಿನಾ ಪಿಕಪ್ ಓಡಿಸುವವನು. ತರಕಾರಿ, ಕೋಳಿ ಫೀಡು, ಒಮ್ಮೊಮ್ಮೆ ಮದುವೆ ಪಾತ್ರೆ. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಜಲಪಾತ ಹುಡುಕಿಕೊಂಡು ಹೋಗುವುದು ಬೇಡ, ಅದೇ ರಸ್ತೆಗೆ ಬರುತ್ತದೆ. ಕೊಟ್ಟಿಗೆಹಾರ ಬಿಟ್ಟು ಮಲಯಮಾರುತ ಗೆಸ್ಟ್ ಹೌಸ್ ದಾಟಿದ ಮೇಲೆ ಬಲಗಡೆಯ ಬರೆಯಿಂದ, ಅಂದರೆ ಗುಡ್ಡದ ಕಡಿದಾದ ಗೋಡೆಯಿಂದ, ನೀರು ಇಳಿಯುವುದು ಶುರು. ಎಡಗಡೆ ಕಣಿವೆ, ಅದರಾಚೆಯ ಗುಡ್ಡಗಳಲ್ಲೂ ನೀರು. ಹೆಸರಿರುವುದು ಆಲೇಖಾನಿನಂಥ ಒಂದೆರಡಕ್ಕೆ ಮಾತ್ರ. ಉಳಿದವಕ್ಕೆ ನಾವು ಹೆಸರಿಟ್ಟಿಲ್ಲ, ಡಿಸೆಂಬರಿಗೆ ಒಣಗಿಹೋಗುವುದಕ್ಕೆ ಯಾಕೆ ಹೆಸರು?

ದಾರಿ ಸಲೀಸು. ಹಾಸನ, ಹಗರೆ, ಬೇಲೂರು, ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ. ಹೋಗಿ ಬರಲು ಇನ್ನೂರರ ಆಸುಪಾಸು. ಪೆಟ್ರೋಲು ಮೂಡಿಗೆರೆಯಲ್ಲೇ ತುಂಬಿಸಿಕೊಳ್ಳಿ.

ಭಾನುವಾರ ಬರಬೇಡಿ. ಭಾನುವಾರ ಅಲ್ಲಿ ಜಲಪಾತಕ್ಕಿಂತ ಕಾರು ಜಾಸ್ತಿ. ತಿರುವಿನಲ್ಲೇ ಬಾಗಿಲು ತೆಗೆದು, ಡಿಕ್ಕಿ ತೆಗೆದು, ಸ್ಪೀಕರ್ ಹಚ್ಚಿ ಕುಣಿಯುತ್ತಾರೆ. ಹಿಂದೆ ಆಂಬುಲೆನ್ಸ್ ಬಂದರೂ ಕೇಳಿಸುವುದಿಲ್ಲ. ಇದು ಸುಮ್ನೆ ನೋಡುವ ರಸ್ತೆ ಅಲ್ಲ, ಈ ಕಡೆಯ ಎಷ್ಟೋ ಜನ ಮಂಗಳೂರಿನ ಆಸ್ಪತ್ರೆಗೆ ಹೋಗುವ ರಸ್ತೆ.

ಇನ್ನೊಂದು. ಬಂಡೆ ಹತ್ತಬೇಡಿ. ಕೈ ಮುಗಿದು ಹೇಳುತ್ತೇನೆ. ಕೆಳಗಿಂದ ನೋಡಿದರೆ ಕಪ್ಪು ಬಂಡೆ, ಕಾಲಿಟ್ಟರೆ ಸೋಪು. ಅಂಗೈ ದಪ್ಪ ಪಾಚಿ. ಪೊಲೀಸರು ಗದರಿಸಿ, ಕೇಸು ಹಾಕಿ ಸಾಕಾಗಿದ್ದಾರೆ. ಬಿದ್ದವರನ್ನು ಎತ್ತಿ ಗಾಡಿಗೆ ಹಾಕುವುದು ಕೊನೆಗೆ ನಮ್ಮಂಥವರೇ. ನನ್ನ ಪಿಕಪ್ಪಿನಲ್ಲೇ ಇಬ್ಬರನ್ನು ಮೂಡಿಗೆರೆಗೆ ಸಾಗಿಸಿದ್ದೇನೆ, ಒಬ್ಬನ ಪಾದ ಹಿಂದುಮುಂದಾಗಿತ್ತು.

ನಿವೃತ್ತ ಮೇಷ್ಟ್ರು (ಹಾಸನ)

ಪಿಕಪ್ ಅವರ ಮಾತು ನೂರಕ್ಕೆ ನೂರು ಸರಿ. ಒಂದು ವಿಷಯ ಸೇರಿಸುತ್ತೇನೆ, ಪಾಠ ಅಂದುಕೊಳ್ಳಬೇಡಿ.

ಮಂಜು ಕರಗಲಿ ಅಂತ ಹತ್ತು ಗಂಟೆವರೆಗೆ ಕಾಯುವವರನ್ನು ನೋಡಿದ್ದೇನೆ. ಅದು ಡಿಸೆಂಬರಿನ ಮಂಜಿನ ಲೆಕ್ಕ. ಚಳಿಗಾಲದ ಮಂಜು ರಾತ್ರಿ ನೆಲ ತಣ್ಣಗಾಗಿ ಹುಟ್ಟುತ್ತದೆ, ಬಿಸಿಲು ಬಂದರೆ ಹೋಗುತ್ತದೆ. ಜುಲೈನಲ್ಲಿ ಘಾಟಿಯಲ್ಲಿ ಇರುವುದು ಮೋಡ. ಅರಬ್ಬಿ ಸಮುದ್ರದ ಒದ್ದೆ ಗಾಳಿ ಬಂದು ಈ ಗೋಡೆಗೆ ತಾಗಿ ಮೇಲೇರುತ್ತದೆ, ಏರಿದ ಹಾಗೆ ತಣ್ಣಗಾಗಿ ಹನಿಯಾಗುತ್ತದೆ. ಆ ಮೋಡದ ಹೊಟ್ಟೆಯೊಳಗೆ ನೀವು ಬೈಕು ಓಡಿಸುತ್ತಿರುತ್ತೀರಿ. ಅದಕ್ಕೆ ಬಿಸಿಲಿಗೆ ಕಾಯಬೇಡಿ, ಗಾಳಿಗೆ ಕಾಯಿರಿ. ಗಾಳಿ ಒಂದು ಸಲ ತಳ್ಳಿದರೆ ಎರಡು ನಿಮಿಷ ಎಲ್ಲ ಕಾಣುತ್ತದೆ.

ಇನ್ನೊಂದು ತಮಾಷೆ ನೋಡಿ. ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ ಹೇಮಾವತಿ ಹುಟ್ಟುತ್ತದೆ. ಆ ನೀರು ಸಕಲೇಶಪುರದ ಮೇಲೆ ನಮ್ಮ ಗೊರೂರು ಅಣೆಕಟ್ಟಿಗೆ ಬಂದು, ಕಾವೇರಿ ಸೇರಿ ಪೂರ್ವಕ್ಕೆ ಹೋಗುತ್ತದೆ. ಅದರ ಪಕ್ಕದಲ್ಲೇ, ಚಾರ್ಮಾಡಿಯ ಗೋಡೆಯಿಂದ ಇಳಿಯುವ ನೀರು ಮೃತ್ಯುಂಜಯ ಹೊಳೆ, ನೇತ್ರಾವತಿ ಹಿಡಿದು ಮಂಗಳೂರಿನ ಸಮುದ್ರಕ್ಕೆ. ಗುಡ್ಡದ ಈ ಕಡೆ ಬಿದ್ದ ಹನಿ ಗೊರೂರಿಗೆ, ಆ ಕಡೆ ಬಿದ್ದದ್ದು ಮಂಗಳೂರಿಗೆ. ಕೊಟ್ಟಿಗೆಹಾರ ದಾಟುವಾಗ ನೆನಪಿಸಿಕೊಳ್ಳಿ.

ಚೈನ್ ಸ್ಪ್ರಾಕೆಟ್ (ಬೇಲೂರು)

ಮೇಷ್ಟ್ರು ಮೋಡದ ಬಗ್ಗೆ ಹೇಳಿದರು, ನಾನು ಗಾಡಿ ಬಗ್ಗೆ ಹೇಳುತ್ತೇನೆ. ಗ್ಯಾರೇಜ್ ಇಟ್ಟುಕೊಂಡು ಹದಿನಾರು ವರ್ಷ ಆಯಿತು.

ಸ್ಪ್ಲೆಂಡರಿಗೆ ಎರಡೂ ಕಡೆ ಡ್ರಮ್ ಬ್ರೇಕು. ಒಳಗೆ ನೀರು ಹೋದರೆ ಮೊದಲ ಒತ್ತಿಗೆ ಹಿಡಿಯುವುದಿಲ್ಲ. ಘಾಟಿ ಶುರುವಾಗುವ ಮೊದಲೇ ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ. ಇಳಿಯುವಾಗ ಎರಡನೇ ಗೇರು, ಬೇಕಾದರೆ ಒಂದನೆಯದು. ಪೆಟ್ರೋಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್ ಮಾಡಿ ಬಿಟ್ಟುಕೊಂಡು ಇಳಿಯುವವರನ್ನು ಕಂಡರೆ ಹೊಡೆಯಬೇಕು ಅನ್ನಿಸುತ್ತದೆ.

ಮಂಜಿನಲ್ಲಿ ಹೈ ಬೀಮ್ ಹಾಕಬೇಡಿ. ಬೆಳಕು ಮಂಜಿಗೆ ಹೊಡೆದು ನಿಮ್ಮ ಕಣ್ಣಿಗೇ ಬರುತ್ತದೆ. ಲೋ ಬೀಮ್ ಸಾಕು. ಹೆಲ್ಮೆಟ್ ಗಾಜಿನ ಒಳಗಡೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸವರಿ ಒಣ ಬಟ್ಟೆಯಲ್ಲಿ ಒರೆಸಿ, ಉಸಿರಿಗೆ ಮಬ್ಬಾಗುವುದಿಲ್ಲ.

ಮುಖ್ಯ ಮಾತು: ಹಳೆ ಗಾಡಿ, ಕ್ಲಚ್ ವೈರ್ ಬದಲಾಯಿಸಿ ಎಷ್ಟು ದಿನ ಆಯಿತು? ಹೊಸ ವೈರನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿ ಇಟ್ಟುಕೊಳ್ಳಿ. ದಾರಿಯಲ್ಲಿ ಕಟ್ಟಾದರೆ ತುದಿ ಸಿಕ್ಕಿಸಿದರೆ ಮುಗಿಯಿತು.

ಕಾಫಿಹೂ

ರೇನ್‌ಕೋಟ್ ಇದ್ದರೂ ಒಂದು ಜೊತೆ ಒಣ ಬಟ್ಟೆ, ಮುಖ್ಯವಾಗಿ ಒಣ ಕಾಲುಚೀಲ, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಇಟ್ಟುಕೊಳ್ಳಿ. ಹೆಂಗಸರು ಯಾರಾದರೂ ಇದನ್ನು ಓದುತ್ತಿದ್ದರೆ: ಘಾಟಿಗೆ ಇಳಿಯುವ ಮೊದಲೇ, ಮೂಡಿಗೆರೆಯಲ್ಲೋ ಕೊಟ್ಟಿಗೆಹಾರದ ಹೋಟೆಲಿನಲ್ಲೋ ಶೌಚಾಲಯಕ್ಕೆ ಹೋಗಿ ಬನ್ನಿ. ಗಂಡಸರಿಗೆ ಇಡೀ ಘಾಟಿಯೇ ಇದೆ, ನಮಗಿಲ್ಲ. ಪ್ರವಾಸದ ಬಗ್ಗೆ ಬರೆಯುವವರು ಇದನ್ನು ಮಾತ್ರ ಬರೆಯುವುದಿಲ್ಲ.

ಹಳೆ ಸ್ಪ್ಲೆಂಡರ್

ಚಾರ್ಮಾಡಿಯೇ ಸೈ. ಮಂಗಳವಾರ ನಮ್ಮ ಅಂಗಡಿಗೆ ರಜ, ಅವತ್ತೇ ಹೊರಡುತ್ತೇವೆ. ಭಾಮೈದ ಆಫೀಸಿಗೆ "ಊರಲ್ಲಿ ನೆಟ್‌ವರ್ಕ್ ಇಲ್ಲ" ಅಂತ ಈಗಲೇ ಹೇಳಿಟ್ಟಿದ್ದಾನೆ. ಕ್ಲಚ್ ವೈರ್ ಚೆನ್ನಾಗಿಯೇ ಇದೆ, ಬಂದ ಮೇಲೆ ಹಾಕಿಸುತ್ತೇನೆ.

ಚೈನ್ ಸ್ಪ್ರಾಕೆಟ್

"ಚೆನ್ನಾಗಿಯೇ ಇದೆ." ಆಯ್ತು ಸರ್.

ಹಳೆ ಸ್ಪ್ಲೆಂಡರ್, ಬುಧವಾರ ರಾತ್ರಿ

ಹೋಗಿ ಬಂದೆವು. ಉದ್ದ ಬರೆಯುತ್ತೇನೆ, ಬೇಜಾರಾದವರು ಜಾರಿಸಿಕೊಂಡು ಮುಂದೆ ಹೋಗಿ.

ಬೆಳಗ್ಗೆ ಐದಕ್ಕೆ ಬಿಟ್ಟೆವು. ಹಗರೆಯಲ್ಲಿ ಒಂದು ಕಾಫಿ. ಬೇಲೂರಿನವರೆಗೆ ರಸ್ತೆ ಒಣಗಿತ್ತು. "ಮಳೆಯೇ ಇಲ್ಲವಲ್ಲ ಭಾವ" ಅಂತ ಭಾಮೈದ ಮುಖ ಊದಿಸಿಕೊಂಡ. ಮೂಡಿಗೆರೆ ಇನ್ನೂ ಐದಾರು ಕಿಲೋಮೀಟರ್ ಇರುವಾಗ ಸೋನೆ ಶುರುವಾಯಿತು. ಬಣಕಲ್ ದಾಟುವಾಗ ಸೋನೆಯಲ್ಲ, ಜಡಿಮಳೆ. ಗದ್ದೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಾಟಿ ಮಾಡುತ್ತಿದ್ದವರು ನಮ್ಮನ್ನು ನೋಡಿ ನಕ್ಕರು. ಈ ಮಳೆಯಲ್ಲಿ ಕೆಲಸ ಇಲ್ಲದೆ ಮನೆಬಿಟ್ಟು ಬಂದವರು ನಾವಿಬ್ಬರೇ ಇರಬೇಕು.

ಕೊಟ್ಟಿಗೆಹಾರದಲ್ಲಿ ತಿಂಡಿ. ಇಲ್ಲಿನ ನೀರುದೋಸೆ ಬಗ್ಗೆ ಕೇಳಿದ್ದೆ, ಮಾತು ಸುಳ್ಳಲ್ಲ. ಕಾವಲಿಯ ಮುಂದೆ ನಿಂತವರು ಹಿಟ್ಟನ್ನು ಹರಡುವುದೇ ಇಲ್ಲ, ಲೋಟದಿಂದ ಎರಚುತ್ತಾರೆ. ಚುಂಯ್ ಅಂತ ಒಂದು ಸದ್ದು, ತೂತು ತೂತಾಗಿ ಏಳುತ್ತದೆ. ಮುಚ್ಚಳ ಹಾಕಿ ಹತ್ತು ಎಣಿಸುವಷ್ಟರಲ್ಲಿ ನಾಲ್ಕು ಮಡಿಕೆಯಾಗಿ ತಟ್ಟೆಗೆ ಬಂದು ಬೀಳುತ್ತದೆ. ಬೆರಳಿಗೆ ಒದ್ದೆ ಕರವಸ್ತ್ರದ ಹಾಗೆ ಮೆತ್ತಗೆ. ಜೊತೆಗೆ ಕೆಂಪು ಚಟ್ನಿ. ನಾನು ಏಳು ತಿಂದೆ. ಭಾಮೈದನದು ಹನ್ನೊಂದರ ಮೇಲೆ ಲೆಕ್ಕ ತಪ್ಪಿತು, ಬಿಲ್ಲು ಬರೆಯುವವನೂ ಅವನನ್ನೇ ಕೇಳಿದ.

ಮಲಯಮಾರುತ ದಾಟಿದ ಮೇಲೆ ರಸ್ತೆ ಇದ್ದಕ್ಕಿದ್ದಂತೆ ಇಲ್ಲವಾಯಿತು. ನಿಜವಾಗಿ ಹೇಳುತ್ತೇನೆ, ಮುಂದೆ ಇಪ್ಪತ್ತು ಅಡಿ ಕಾಣುತ್ತಿರಲಿಲ್ಲ. ಮುಂದಿದ್ದ ಕೆಂಪು ಬಸ್ಸಿನ ಹಿಂದಿನ ದೀಪ ಎರಡು ಕೆಂಡದ ಹಾಗೆ ಕಾಣುತ್ತಿತ್ತು, ಅದರ ಬಾಲ ಹಿಡಿದುಕೊಂಡು ಇಳಿದೆ. ಅದು ತಿರುಗಿದರೆ ನಾನು ತಿರುಗಿದೆ, ಅದು ನಿಂತರೆ ನಾನು ನಿಂತೆ. ಲಿಕ್ವಿಡ್ ಸವರಿದ ಗಾಜು ಒಳಗಡೆ ಒಂಚೂರೂ ಮಬ್ಬಾಗಲಿಲ್ಲ, ಬೇಲೂರಿನವರಿಗೆ ಥ್ಯಾಂಕ್ಸ್. ಭಾಮೈದ ಸವರಿಕೊಂಡಿರಲಿಲ್ಲ. ಗಾಜು ಎತ್ತಿಕೊಂಡು ಓಡಿಸಿ ಕಣ್ಣು ಕೆಂಪಗೆ ಮಾಡಿಕೊಂಡ.

ಅಣ್ಣಪ್ಪಸ್ವಾಮಿ ಗುಡಿಯಲ್ಲಿ ಬಸ್ಸು ನಿಂತಿತು, ನಾವೂ ನಿಂತು ಕೈ ಮುಗಿದೆವು. ಅದಕ್ಕೂ ಕೆಳಗೆ ಅಗಲ ಇದ್ದ ಒಂದು ಜಾಗ ನೋಡಿ ಬೈಕುಗಳನ್ನು ಪೂರ್ತಿ ಅಂಚಿಗೆ ಹಾಕಿದೆವು. ಎಂಜಿನ್ ಆಫ್ ಮಾಡಿದ ಮೇಲೆ ಸದ್ದು ಕೇಳಿಸಿತು. ಒಂದು ಕಡೆಯಿಂದ ಅಲ್ಲ. ಬೆನ್ನ ಹಿಂದೆ ಬರೆಯಿಂದ ಬೀಳುವ ನೀರಿನದ್ದು ಚಟಪಟ, ಹತ್ತಿರದ್ದು. ಮುಂದುಗಡೆ, ಮಂಜಿನೊಳಗೆ, ಎಷ್ಟು ದೂರ ಅಂತ ಗೊತ್ತಾಗದ ಹಾಗೆ ಒಂದೇ ಸಮನೆ ಮೊರೆತ. ಭಾಮೈದ ಫೋನ್ ಹಿಡಿದು ಐದು ನಿಮಿಷ ವಿಡಿಯೋ ಮಾಡಿದ. ಆಮೇಲೆ ನೋಡಿದರೆ ಬರೀ ಬಿಳಿ, ಬಿಳಿಯ ನಡುವೆ ಅವನದೇ ಧ್ವನಿ: "ಇಲ್ಲೇ ಎಲ್ಲೋ ಇದೆ ಗಾಯ್ಸ್."

ಕಾದೆವು. ಮಳೆ ಹೊಳವಾಯಿತು, ಮಂಜು ಹೋಗಲಿಲ್ಲ. ಮೇಷ್ಟ್ರು ಹೇಳಿದ್ದು ನೆನಪಿತ್ತು, ಹಾಗಾಗಿ ನಾನು ಬೈಕ್ ಮೇಲಿಂದ ಏಳಲಿಲ್ಲ. ಮುಕ್ಕಾಲು ಗಂಟೆ ಆಗಿರಬಹುದು. ಭಾಮೈದ ಎರಡು ಸಲ "ಹೋಗೋಣ" ಅಂದ. ಮೂರನೇ ಸಲ ಹೇಳಲು ಬಾಯಿ ತೆಗೆದಾಗ ಕೆಳಗಿನಿಂದ ಗಾಳಿ ಬಂತು. ಮೊದಲು ನಮ್ಮ ಕಾಲಬುಡದ ಹುಲ್ಲು ಕಾಣಿಸಿತು, ಆಮೇಲೆ ತಡೆಗೋಡೆಯ ಆಚೆಗಿನ ಮರಗಳ ತಲೆ, ಆಮೇಲೆ ಇಡೀ ಎದುರು ಗುಡ್ಡ. ಅಷ್ಟು ದೊಡ್ಡದು ಅಷ್ಟು ಹತ್ತಿರ ನಿಂತಿತ್ತು, ನಮಗೆ ಗೊತ್ತೇ ಇರಲಿಲ್ಲ. ಹಸಿರಿನ ಮೇಲೆ ಬಿಳಿ ಗೆರೆಗಳು. ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಇನ್ನೊಂದರ ಮೇಲೆ ಬೆರಳಿಡುವಷ್ಟರಲ್ಲಿ ಮತ್ತೆ ಮುಚ್ಚಿತು.

ಭಾಮೈದ ಫೋನ್ ಜೇಬಿಗೆ ಹಾಕಿಕೊಂಡಿದ್ದ. ಒಂದು ಫೋಟೋ ಇಲ್ಲ.

"ಐದು ಭಾವ, ಐದಿತ್ತು" ಅಂತ ಅವನು. ನಾಲ್ಕು ಅಂತ ನಾನು. ಮನೆಗೆ ಬರುವವರೆಗೂ ಇದೇ ಜಗಳ.

ಮೇಲೆ ಹತ್ತುವಾಗ ಎರಡು ಅನಾಹುತ. ಮೊದಲನೆಯದು ಭಾಮೈದನದು. ರೇನ್‌ಕೋಟಿನ ಪ್ಯಾಂಟು ಸೈಲೆನ್ಸರಿಗೆ ತಾಗಿ ಕರಗಿ ಅಂಟಿಕೊಂಡಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಾಗ ಇಬ್ಬರೂ ಎಂಜಿನ್ ಕೆಟ್ಟಿತು ಅಂದುಕೊಂಡು ಗಾಬರಿ. ನೋಡಿದರೆ ಹೊಳೆಯುವ ಸೈಲೆನ್ಸರಿನ ಮೇಲೆ ಅಂಗೈ ಅಗಲದ ಕಪ್ಪು ಪಟ್ಟೆ. ಅವನಿಗೆ ಅಳು ಬರುವುದೊಂದು ಬಾಕಿ.

ಎರಡನೆಯದು ನನ್ನದು. ಕೊಟ್ಟಿಗೆಹಾರ ದಾಟಿ ಬಣಕಲ್ ಇನ್ನೂ ಸಿಗುವ ಮೊದಲು, ಕ್ಲಚ್ ಒತ್ತಿದರೆ ಕೈ ಸಲೀಸಾಗಿ ಹ್ಯಾಂಡಲಿಗೆ ಬಂದು ತಾಗಿತು. ವೈರ್ ಕಟ್. ಬೇಲೂರಿನವರು ಈಗ ನಗಬಹುದು.

ಚೈನ್ ಸ್ಪ್ರಾಕೆಟ್

ನಗುತ್ತಿಲ್ಲ ಸರ್. ಅಂಗಡಿಯ ಹುಡುಗರನ್ನೆಲ್ಲ ಕೂರಿಸಿಕೊಂಡು ಜೋರಾಗಿ ಓದುತ್ತಿದ್ದೇನೆ ಅಷ್ಟೇ. ಹೇಗೆ ಬಂದಿರಿ?

ಹಳೆ ಸ್ಪ್ಲೆಂಡರ್

ನ್ಯೂಟ್ರಲಿನಲ್ಲಿ ಸ್ಟಾರ್ಟ್ ಮಾಡಿ, ಭಾಮೈದ ಹಿಂದಿನಿಂದ ತಳ್ಳಿ, ಗಾಡಿ ಉರುಳಿದ ಮೇಲೆ ಗೇರು ಒದ್ದೆ. ಒಂದು ಜಿಗಿತ ಜಿಗಿದು ಹೊರಟಿತು. ಆಮೇಲೆ ಎಕ್ಸಲೇಟರ್ ಬಿಟ್ಟು ಮೆಲ್ಲಗೆ ಎರಡನೇ ಗೇರು. ನಿಲ್ಲಿಸಿದರೆ ಮತ್ತೆ ತಳ್ಳಬೇಕಲ್ಲ, ಹಾಗಾಗಿ ಒಂದು ದನ ಅಡ್ಡ ಬಂದಾಗ ಅದರ ಸುತ್ತ ಪ್ರದಕ್ಷಿಣೆ ಹಾಕಿ ಮುಂದೆ ಬಂದೆ. ಬಣಕಲ್ಲಿನಲ್ಲಿ ಒಂದು ಗ್ಯಾರೇಜ್ ತೆರೆದಿತ್ತು. ಇನ್ನೊಂದು ಗಾಡಿಯಿಂದ ಬಿಚ್ಚಿದ ಹಳೆ ವೈರ್ ಹಾಕಿಕೊಟ್ಟರು. ಈಗಲೂ ಅದೇ ಇದೆ.

ದೇಶಸುತ್ತು 350

ಅಂದರೆ ಇನ್ನೂರು ಕಿಲೋಮೀಟರ್ ಹೋಗಿ ನೋಡಿದ್ದು ಎರಡು ನಿಮಿಷ? ಫೋಟೋನೂ ಇಲ್ಲ? ಬೇಜಾರು ಮಾಡಿಕೊಳ್ಳಬೇಡಿ, ಇದಕ್ಕಿಂತ ನನ್ನ ಐದೇ ವಾಸಿ.

ಕಾಫಿಹೂ

ನಿಮ್ಮ ಐದರಲ್ಲಿ ಹೆಬ್ಬೆಗೆ ಇಳಿದಿದ್ದಿರಾ? ಜೀಪಿಗೆ ಎಷ್ಟು ಹೊತ್ತು ಕಾದಿರಿ?

ದೇಶಸುತ್ತು 350

ಹೆಬ್ಬೆಗೆ ಟೈಮ್ ಇರಲಿಲ್ಲ, ಬೋರ್ಡ್ ಹತ್ತಿರ ಫೋಟೋ ತೆಗೆದುಕೊಂಡೆವು. ಝರಿಯನ್ನೂ ಮೇಲಿಂದಲೇ ನೋಡಿದ್ದು. ಲೆಕ್ಕಕ್ಕೆ ಬರುತ್ತದೆ ಅಲ್ವಾ?

ತರೀಕೆರೆ ಹುಡುಗ

ಬೋರ್ಡಿನ ಎತ್ತರ ಎಷ್ಟು ಮೀಟರ್ ಇತ್ತು ಸರ್?

ದೇಶಸುತ್ತು 350

ಸರಿ ಸರಿ, ಕಾಲೆಳೆಯಬೇಡಿ. ಈ ವರ್ಷ ಸುಮ್ನೆ ಒಂದಕ್ಕೇ ಹೋಗುತ್ತೇನೆ. ಚಾರ್ಮಾಡಿಗೆ ಯಾವ ತಿಂಗಳು ಒಳ್ಳೆಯದು?

ಬಣಕಲ್ ಪಿಕಪ್

ನೀರು ಬೇಕಾದರೆ ಜುಲೈ, ಆಗಸ್ಟ್. ಆಗ ಮಂಜು ಬಿಟ್ಟಾಗ ಮಾತ್ರ ನೋಡುವುದು. ಕಾಣಲೂ ಬೇಕು, ನೀರೂ ಇರಬೇಕು ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ದೊಡ್ಡವು ಮಾತ್ರ ಉಳಿದಿರುತ್ತವೆ. ಜನವರಿಗೆ ಬಂದು "ಎಲ್ಲಿ ಜಲಪಾತ?" ಅಂತ ಕೇಳುವವರೂ ಇದ್ದಾರೆ, ನಾವು ಕಪ್ಪು ಕಲೆ ತೋರಿಸಿ ಇದೇ ಅನ್ನುತ್ತೇವೆ.

ಜೋರು ಮಳೆ ಎರಡು ಮೂರು ದಿನ ಬಿಡದೆ ಹಿಡಿದಿದ್ದರೆ ಮಾತ್ರ ಬರಬೇಡಿ. 2019ರ ಆಗಸ್ಟಿನಲ್ಲಿ ಸಾಲಾಗಿ ಗುಡ್ಡ ಕುಸಿದು ಈ ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಆಗ ನನ್ನ ಪಿಕಪ್ಪು ಮನೆ ಮುಂದೆ ನಿಂತು ಟಯರಿನ ಸುತ್ತ ಹುಲ್ಲು ಬೆಳೆದಿತ್ತು. ಹೊರಡುವ ಹಿಂದಿನ ರಾತ್ರಿ ರಸ್ತೆ ತೆರೆದಿದೆಯಾ ಅಂತ ಕೇಳಿಕೊಂಡು ಹೊರಡಿ. ಬರೆಯಿಂದ ಇಳಿಯುವ ನೀರು ಕೆಂಪಗಿದ್ದು, ಸಣ್ಣ ಕಲ್ಲು ರಸ್ತೆಗೆ ಉರುಳಿರುವುದು ಕಂಡರೆ ಅಲ್ಲಿ ಫೋಟೋಗೆ ನಿಲ್ಲಬೇಡಿ, ದಾಟಿಕೊಂಡು ಹೋಗಿ.

ಸ್ಪ್ಲೆಂಡರ್ ಅವರೇ, ನೀವು ನಿಂತ ಜಾಗ ಯಾವುದು? ಗುಡಿಯಿಂದ ಕೆಳಗೆ ಎಷ್ಟು ದೂರ?

ಹಳೆ ಸ್ಪ್ಲೆಂಡರ್

ಒಂದು ಕಿಲೋಮೀಟರ್ ಒಳಗೇ ಇರಬೇಕು. ಎಡಗಡೆ ತಡೆಗೋಡೆ ಒಂದು ಕಡೆ ಒಡೆದು, ಡ್ರಮ್ಮಿಗೆ ಹಳದಿ ಕೆಂಪು ಪಟ್ಟಿ ಅಂಟಿಸಿ ಇಟ್ಟಿದ್ದರು.

ಬಣಕಲ್ ಪಿಕಪ್

ಗೊತ್ತಾಯಿತು ಬಿಡಿ. ಎದುರಿಗೆ ಕಾಣುವುದು ನಾಲ್ಕು, ನೀವು ಹೇಳಿದ್ದೇ ಸರಿ. ಆದರೆ ನಿಮ್ಮ ಭಾಮೈದನೂ ಸುಳ್ಳು ಹೇಳಿಲ್ಲ. ಬಲತುದಿಯಲ್ಲಿ ಇನ್ನೊಂದು ಬಿಳಿ ಗೆರೆ ಕಾಣುತ್ತದಲ್ಲ, ಅದು ಮೊದಲು ಇರಲಿಲ್ಲ. ಹಿಂದೆ ಅಲ್ಲಿ ಗುಡ್ಡ ಜಾರಿತ್ತು. ಈಗ ಮಳೆ ಜೋರಾದ ದಿನ ಆ ಗಾಯದಲ್ಲಿ ನೀರು ಇ‌ಳಿಯುತ್ತದೆ, ಮಳೆ ನಿಂತ ಅರ್ಧ ಗಂಟೆಗೆ ಇರುವುದಿಲ್ಲ. ನಮ್ಮವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಳೆ ಸ್ಪ್ಲೆಂಡರ್

ಅವನಿಗೆ ಓದಿ ಹೇಳಿದೆ. ಐದು ಅಂತ ಮನೆಯಲ್ಲೆಲ್ಲ ಸಾರಿಕೊಂಡು ಬರುತ್ತಿದ್ದಾನೆ. ಕೊನೆಯ ಸಾಲು ಮಾತ್ರ ನಾನು ಓದಲಿಲ್ಲ.

ಇಂಬಳದ ವಿಷಯ ಮರೆತಿದ್ದೆ. ರಸ್ತೆ ಬಿಟ್ಟು ಇಳಿಯದಿದ್ದರೂ ಹುಲ್ಲಿನಲ್ಲಿ ಕಾಲಿಟ್ಟಿದ್ದಕ್ಕೇ ಮೂರು ಹತ್ತಿದ್ದವು. ಎರಡನ್ನು ಕೊಟ್ಟಿಗೆಹಾರದಲ್ಲಿ ಸುಣ್ಣ ಹಚ್ಚಿ ಬಿಡಿಸಿದರು. ಮೂರನೆಯದು ಹಾಸನದವರೆಗೆ ಬಂತು, ರಾತ್ರಿ ಕಾಲುಚೀಲ ಬಿಚ್ಚಿದಾಗ ದ್ರಾಕ್ಷಿ ಗಾತ್ರ ಆಗಿತ್ತು. ಬಿಟ್ಟ ಮೇಲೆ ರಕ್ತ ಅರ್ಧ ಗಂಟೆ ನಿಲ್ಲಲಿಲ್ಲ. ಹೆಂಡತಿ ಅರಿಶಿನ ಒತ್ತುತ್ತಾ "ಆನೆಗೆ ಹೆದರಿ ಇದನ್ನು ಕರೆದುಕೊಂಡು ಬಂದಿರಾ" ಅಂದಳು.

ನಿವೃತ್ತ ಮೇಷ್ಟ್ರು

ನೇತ್ರಾವತಿ ಕಡೆಯ ಇಂಬಳವನ್ನು ಹೇಮಾವತಿ ಕಡೆಗೆ ದಾಟಿಸಿದ್ದೀರಿ.

ಚೈನ್ ಸ್ಪ್ರಾಕೆಟ್

ಸ್ಪ್ಲೆಂಡರ್ ಸರ್, ಆ ಬಣಕಲ್ಲಿನ ಹಳೆ ವೈರ್ ನಂಬಿಕೊಂಡು ಜಾಸ್ತಿ ದಿನ ಓಡಾಡಬೇಡಿ. ಹೊಸದು ತರಿಸಿಟ್ಟಿದ್ದೇನೆ. ಬ್ರೇಕ್ ಡ್ರಮ್ಮನ್ನೂ ಬಿಚ್ಚಿ ಕೆಸರು ತೆಗೆದುಬಿಡೋಣ. ಶುಕ್ರವಾರ ಬೆಳಗ್ಗೆ ಬನ್ನಿ. ಭಾಮೈದನೂ ಬರಲಿ, ಆ ಸೈಲೆನ್ಸರಿನ ಕಲೆ ತೆಗೆಯಲು ಒಂದು ಉಪಾಯ ಇದೆ. ಬಿಸಿ ಇರುವಾಗ ಮರದ ಚಕ್ಕೆಯಲ್ಲಿ ಕೆರೆಯಬೇಕು, ಸ್ಕ್ರೂ ಡ್ರೈವರ್ ಹಾಕಿ ಕೆರೆಯಬೇಡ ಅಂತ ಈಗಲೇ ಹೇಳಿ.

ಹಳೆ ಸ್ಪ್ಲೆಂಡರ್

ಹೇಳುವುದು ತಡವಾಯಿತು. ಬೆಳಗ್ಗೆಯೇ ಕೆರೆದಿದ್ದಾನೆ.